‘ಧರಣಿ’ ಅಟ್ಲಾಸ್: ಒಂದು ವಿಮರ್ಶೆ

2024ನೆಯ ಡಿಸೆಂಬರಿನಲ್ಲಿ ಮದರಾಸಿನ ಐ.ಐ.ಟಿ.ಯ ಸುಧಾ ಗೋಪಾಲಕೃಷ್ಣನ್ ಮೆದುಳು ಕೇಂದ್ರವು ‘ಧರಣಿ’ ಎಂಬ ಅಟ್ಲಾಸನ್ನು ಹೊರತಂದಿತು. ಗರ್ಭದ 14ನೆಯ ವಾರದಿಂದ 24ನೆಯ ವಾರದವರೆಗಿನ ಐದು ಭ್ರೂಣಗಳ ಮೆದುಳುಗಳನ್ನು ತೆಳುವಾಗಿ ಸೀಳಿ, ಬಣ್ಣವೂಡಿಸಿ, ಜೀವಕೋಶಗಳು ಕಾಣುವಷ್ಟು ಸೂಕ್ಷ್ಮವಾಗಿ ಚಿತ್ರಿಸಿ, ಆ ಚಿತ್ರಗಳನ್ನು ಮತ್ತೆ ಮೂರು ಆಯಾಮಗಳಲ್ಲಿ ಜೋಡಿಸಿರುವ ಕೃತಿಯಿದು. ಸೀಳುಗಳ ಸಂಖ್ಯೆ 5,132. ಯಾರು ಬೇಕಾದರೂ ಇದನ್ನು ಉಚಿತವಾಗಿ ನೋಡಬಹುದು.

ಇದರ ಹಿರಿಮೆ ನಿರ್ವಿವಾದವಾದುದು. 2013ರಲ್ಲಿ ಯೂರೋಪು ಮತ್ತು ಕೆನಡಾದ ವಿಜ್ಞಾನಿಗಳು ಪ್ರಕಟಿಸಿದ ‘ಬಿಗ್ ಬ್ರೇನ್’ 7,404 ಸೀಳುಗಳಿಂದ ಕೂಡಿದ್ದರೂ ಅದು ವಯಸ್ಕರೊಬ್ಬರ ಮೆದುಳು. ರೂಪುಗೊಳ್ಳುತ್ತಿರುವ ಮೆದುಳನ್ನು ಇಷ್ಟು ಸಮಗ್ರವಾಗಿ ತೋರಿಸಿದ ಶ್ರೇಯಸ್ಸು ಭಾರತೀಯರಿಗೆ ಸಲ್ಲಬೇಕು.

ಆದರೆ ಸಮಗ್ರವೆಂದರೇನು? ಸೀಳುವಾಗ ಅಂಗಾಂಶವು ಸುಕ್ಕುಗಟ್ಟುತ್ತದೆ, ಹರಿಯುತ್ತದೆ. ಆದುದರಿಂದ ಜೋಡಣೆಯೆಂಬುದು ಚೆದುರಿದ ಓಲೆಗರಿಗಳ ಸಂಪಾದನೆಯಂತೆ ವಿವೇಚನೆಯ ಕೆಲಸ. ಗ್ರೆನೋಬಲ್ಲಿನ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ರೂಪುಗೊಂಡು 2021ರಲ್ಲಿ ಪ್ರಕಟವಾದ ಕ್ಷಕಿರಣ ವಿಧಾನದಲ್ಲಿ ಅವಯವವನ್ನು ಸೀಳಬೇಕಾಗಿಲ್ಲ. ಆದರೆ ಬಣ್ಣವೂಡಿದ ಸೀಳು ಕೊಡುವ ಜೀವಕೋಶಗಳ ಗುರುತು ಅದರಲ್ಲಿ ದೊರೆಯದು. ಒಂದು ಇನ್ನೊಂದಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಇದಕ್ಕಿಂತ ಗುರುತರವಾದ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದುದು. ನಮ್ಮ ಮೆಜೆಸ್ಟಿಕ್ಕಿನ ಎರಡು ನಕ್ಷೆಗಳನ್ನು ತೆಗೆದುಕೊಳ್ಳೋಣ. ಹಳೆಯದರಲ್ಲಿ ಧರ್ಮಾಂಬುಧಿ ಕೆರೆಯುಂಟು. ಈಚಿನದರಲ್ಲಿ ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವುಂಟು. ಬದಲಾವಣೆಯಾಯಿತೆಂಬುದಕ್ಕೆ ಇವು ಸಾಕ್ಷಿ. ಕೆರೆ ಬತ್ತಿದ ಬಗೆಗೆ ಸಾಕ್ಷಿಯಲ್ಲ. ಆದರೂ ಎರಡೂ ಒಂದೇ ನೆಲದವು. ‘ಧರಣಿ’ಯ ಐದು ಮೆದುಳುಗಳಾದರೋ ಐದು ಬೇರೆ ಬೇರೆ ಜೀವಗಳವು. ಅವುಗಳನ್ನು ವಾರಗಳ ಅನುಕ್ರಮದಲ್ಲಿಟ್ಟೊಡನೆ ಒಂದೇ ಮೆದುಳು ಬೆಳೆಯುತ್ತಿರುವಂತೆ ಕಣ್ಣಿಗೆ ತೋರುತ್ತದೆ. ಎರಡು ಮೆದುಳುಗಳ ನಡುವಣ ವ್ಯತ್ಯಾಸದಲ್ಲಿ ವಯಸ್ಸಿನಿಂದ ಬಂದುದೆಷ್ಟು, ವ್ಯಕ್ತಿಭೇದದಿಂದ ಬಂದುದೆಷ್ಟು ಎಂಬುದನ್ನು ಐದೇ ನಿದರ್ಶನಗಳಿಂದ ಬಿಡಿಸಿ ಹೇಳಲಾಗದು. ಚಿತ್ರದ ಸ್ಫುಟತೆ ಹೆಚ್ಚಿದಷ್ಟೂ ಈ ಮಿತಿಯು ಮರೆಯಾಗುವ ಅಪಾಯವೂ ಹೆಚ್ಚು. ಈ ಚಿತ್ರಗಳನ್ನು ಮಾನದಂಡವಾಗಿರಿಸಿಕೊಂಡು ಮುಂದೆ ವೈದ್ಯನೊಬ್ಬನು ಯಾವುದೋ ಮೆದುಳನ್ನು ‘ವಿಕೃತ’ವೆಂದು ನಿರ್ಣಯಿಸುವಾಗ ಈ ಮರೆವು ಬೆಲೆ ತೆರುವಂತೆ ಮಾಡೀತು.

ಇದಕ್ಕೆ ಪರಿಹಾರ ಇನ್ನೂ ಸೂಕ್ಷ್ಮವಾದ ಯಂತ್ರವಲ್ಲ, ಇನ್ನೂ ಹೆಚ್ಚಿನ ನಿದರ್ಶನಗಳು. ಅವು ದೊರೆಯುವುದು ದುಃಖದಲ್ಲಿರುವ ಕುಟುಂಬಗಳ ಒಪ್ಪಿಗೆಯಿಂದ. ನಮ್ಮ ನಿಮ್ಹಾನ್ಸಿನಲ್ಲಿ 1995ರಿಂದ ನಡೆದುಬಂದಿರುವ ಮೆದುಳಿನ ಬ್ಯಾಂಕೂ ಅಂಥ ಔದಾರ್ಯವನ್ನೇ ನಂಬಿ ನಿಂತಿದೆ. ಅಧ್ಯಾಪಕರು ‘ಧರಣಿ’ಯನ್ನು ತರಗತಿಯಲ್ಲಿ ಅವಶ್ಯವಾಗಿ ಬಳಸಲಿ, ಪ್ರತಿಯೊಂದು ಚಿತ್ರದೊಡನೆ ಅದು ಎಷ್ಟನೆಯ ವಾರದ್ದು, ಎಷ್ಟು ಮೆದುಳುಗಳ ಸಾಕ್ಷ್ಯ ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಲಿ.