ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಲ್ಲತ್ತಹಳ್ಳಿಯಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗೆ ಸಂಜೆ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾರೆ. ಜೊತೆಗೆ ಬಂದ ಪುಟ್ಟ ತಮ್ಮನನ್ನು ಬಿಟ್ಟು ಆಡಿದರೆ ಅಳುತ್ತಾನೆ. ಸೇರಿಸಿಕೊಂಡು, 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತಾರೆ. ಸಿಕ್ಕಿಬಿದ್ದರೂ ಅವನು ಔಟಲ್ಲ, ಗೆದ್ದರೂ ಅದು ಗೆಲುವಲ್ಲ. ಹೊಸಬರನ್ನು ಒಳಗೆ ಉಳಿಸಿಕೊಳ್ಳಲು ಇಷ್ಟು ಮೃದುವಾದ, ಇಷ್ಟೇ ಕ್ರೂರವಾದ ಉಪಾಯ ಇನ್ನೊಂದಿಲ್ಲ. ವೇದಿಕೆಯಲ್ಲಿ ಕುರ್ಚಿ ಕೊಟ್ಟು ಮೈಕು ಕೊಡದ ಸೆಮಿನಾರು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅದೇ ಮಕ್ಕಳ ಅಣ್ಣಂದಿರ ಫೋನಿನಲ್ಲಿರುವ 'ಕ್ಲ್ಯಾಶ್ ಆಫ್ ಕ್ಲಾನ್ಸ್' ಬೇರೆ ದಾರಿ ಹಿಡಿದಿದೆ. ಹೊಸಬರ ಊರಿಗೆ ಮೊದಲು ಕೆಲವು ದಿನ ರಕ್ಷಣೆ. ಬಲಿತವರು ತೀರ ಕೆಳಗಿನವರ ಮೇಲೆ ಬಿದ್ದರೆ ಸಿಗುವ ಲೂಟಿಯೂ ಕಡಿಮೆ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಅಳಗುಳಿಮಣೆ. ನಿಯಮ ಊರಿಗೊಂದು. ನಮ್ಮಜ್ಜಿ ಕಲಿಸಿದ ಕ್ರಮದಲ್ಲಿ ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 5 ಹುಣಸೆಬೀಜ, ಒಟ್ಟು 70. ಮೊದಲ ಸುತ್ತಿನಲ್ಲಿ ನನಗೆ 28, ಅಜ್ಜಿಗೆ 42 ಬಂತೆನ್ನಿ. ಮುಂದಿನ ಸುತ್ತಿಗೆ ನನ್ನ 5 ಗುಳಿಗಳಷ್ಟೇ ತುಂಬುತ್ತವೆ, ಎರಡು ಮುಚ್ಚಿಹೋಗುತ್ತವೆ. ಅಜ್ಜಿಯ ಏಳೂ ತುಂಬಿ 7 ಬೀಜ ಮಿಗುತ್ತವೆ. ಆದರೆ ಆ ಮಿಕ್ಕದ್ದು ಮಡಿಲಲ್ಲೇ ಕೂರಬೇಕು, ಮಣೆಗೆ ಇಳಿಯುವಂತಿಲ್ಲ. ಗೆದ್ದವರ ಗುಳಿಯಲ್ಲೂ ಐದೇ, ಸೋತವರ ಗುಳಿಯಲ್ಲೂ ಐದೇ. ಚೆನ್ನಾಗಿ ಆಡಿದರೆ ಮುಚ್ಚಿದ ಗುಳಿ ಮತ್ತೆ ತೆರೆಯುತ್ತದೆ. ಅನುಕೂಲ ಗೆದ್ದವರಿಗೇ ಹೆಚ್ಚು, ಸುಳ್ಳು ಹೇಳಬಾರದು. ನಾನು ಮೂರೇ ಸುತ್ತಿಗೆ ದಿವಾಳಿಯಾದ ಮಧ್ಯಾಹ್ನಗಳಿವೆ. ಆದರೂ ನನ್ನ ಒಂದೊಂದು ಬೀಜವೂ ಲೆಕ್ಕದಲ್ಲಿತ್ತು.

ಇದನ್ನಿಟ್ಟುಕೊಂಡು ಕುಮಾರವ್ಯಾಸನ ಸಭಾಪರ್ವಕ್ಕೆ ಹೋದರೆ ದ್ಯೂತ ಬೇರೆಯಾಗಿ ಕಾಣುತ್ತದೆ. ನಾವು ಸಾಮಾನ್ಯವಾಗಿ ಅದನ್ನು ಶಕುನಿಯ ಮೋಸದ ಕತೆಯಾಗಿ, ಧರ್ಮರಾಯನ ದೌರ್ಬಲ್ಯದ ಕತೆಯಾಗಿ ಓದುತ್ತೇವೆ. ಅಲ್ಲಿ ನಿಯಮದ ಪ್ರಶ್ನೆ ಎತ್ತುವವಳು ಒಬ್ಬಳೇ. ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿಯದು ಎಂದು ದ್ರೌಪದಿ ಕೇಳುತ್ತಾಳೆ. ಅವಳು ಪಣವಾಗಿ ಆಟಕ್ಕುಂಟು, ಆಡುವವಳಾಗಿ ಲೆಕ್ಕಕ್ಕಿಲ್ಲ. ವಿಕರ್ಣ ಅವಳ ಪರ ಮಾತಾಡುತ್ತಾನೆ, ಹಿರಿಯರು ಜಾರಿಕೊಳ್ಳುತ್ತಾರೆ. ಸಭೆಯಿಂದ ತೀರ್ಪು ಬರಲಿಲ್ಲ. ತೀರ್ಪಿನ ಜಾಗದಲ್ಲಿ ಧೃತರಾಷ್ಟ್ರನ ವರ ಬಂತು.

ಈ ವರವನ್ನು ಮುದುಕನ ಅಂಜಿಕೆ ಎನ್ನುವವರಿದ್ದಾರೆ, ಕರುಣೆ ಎನ್ನುವವರೂ ಇದ್ದಾರೆ. ನನ್ನ ತಕರಾರು ಬೇರೆ. ಅವನು ಕಳೆದದ್ದನ್ನೆಲ್ಲ ಹಿಂತಿರುಗಿಸಿದ, ಆಟವನ್ನು ಮಾತ್ರ ಮುಟ್ಟಲಿಲ್ಲ. ಯಾರು ಯಾರನ್ನು ಪಣವಿಡಬಹುದು, ದುರ್ಯೋಧನನ ಬದಲು ಶಕುನಿ ದಾಳ ಹಾಕಬಹುದೇ, ಯಾವುದೂ ಇತ್ಯರ್ಥವಾಗಲಿಲ್ಲ. ಸೋತವರ ಕೈ ತುಂಬಿಸಿ ಅದೇ ಹಾಸಿನ ಮುಂದೆ ಮತ್ತೆ ಕೂರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅನುದ್ಯೂತ ಇದೆ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು, ಕರೆ ಬಂತು. ಎದುರಿಗೆ ಕೂತವನು ಅದೇ ಶಕುನಿ. ಪಣ ಮಾತ್ರ ಹೊಸದು: 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ದ್ರೌಪದಿಯ ಪ್ರಶ್ನೆಯನ್ನು ಈ ಸಲ ಯಾರೂ ಎತ್ತಲೂ ಇಲ್ಲ.