ಮನೆ ಸಿಕ್ತು, ಕಟ್ಟೆ ಎಲ್ಲಿ?

ಮಾಸ್ಟೊಡಾನ್‌ಗೆ ಹೊಸದಾಗಿ ಬಂದವರು ಮೊದಲ ಎರಡು ದಿನ ಚೆನ್ನಾಗಿಯೇ ಇರ್ತಾರೆ. ಖಾತೆ ತೆರೀತಾರೆ, ಫೋಟೋ ಹಾಕ್ತಾರೆ, "ಅಯ್ಯೋ, ಇಲ್ಲಿ ಜಾಹೀರಾತೇ ಇಲ್ವಲ್ಲ" ಅಂತ ಖುಷಿಪಡ್ತಾರೆ. ಮೂರನೇ ದಿನ ಒಂದು ಪ್ರಶ್ನೆ ಬರತ್ತೆ: "ಇಲ್ಲಿ ಗ್ರೂಪ್ ಎಲ್ಲಿದೆ ಗುರೂ?" ಹಳಬರು ಉದ್ದುದ್ದ ಉತ್ತರ ಕೊಡ್ತಾರೆ. ಹ್ಯಾಶ್‌ಟ್ಯಾಗ್ ಬಳಸಿ, ಲಿಸ್ಟ್ ಮಾಡಿಕೊಳ್ಳಿ, ಗ್ರೂಪೇ ಬೇಕು ಅಂದ್ರೆ ಲೆಮ್ಮಿಗೆ ಹೋಗಿ, ಇಲ್ಲಾಂದ್ರೆ ಫ್ರೆಂಡಿಕಾ ನೋಡಿ. ಐದನೇ ದಿನ ಆ ಮನುಷ್ಯ ತನ್ನ ವಾಟ್ಸಾಪ್ ಗ್ರೂಪಿನಲ್ಲಿ ಎಂದಿನಂತೆ ಗುಡ್ ಮಾರ್ನಿಂಗ್ ನೋಡ್ತಾ ಕೂತಿರ್ತಾನೆ.

ಹೀಗೆ ವಾಪಸ್ ಹೋದವರನ್ನ "ತಾಂತ್ರಿಕ ತಿಳುವಳಿಕೆ ಇಲ್ಲದವರು" ಅಂತ ನಮ್ಮ ಇಂಜಿನಿಯರ್ ಮಂದಿ ಸುಲಭವಾಗಿ ತಳ್ಳಿಹಾಕ್ತೀವಿ. ನನಗದು ಒಪ್ಪಿಗೆ ಇಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಈ ವಿಕೇಂದ್ರೀಕೃತ ಜಾಲತಾಣಗಳು ಒಬ್ಬೊಬ್ಬ ಬಳಕೆದಾರನನ್ನು ಕಂಪನಿಯ ಹಿಡಿತದಿಂದ ಬಿಡಿಸಲು ತುಂಬ ಶ್ರಮಪಟ್ಟಿವೆ. ಹತ್ತು ಜನ ಸೇರಿ ಕೂರುವ ಜಾಗವನ್ನು ಮಾತ್ರ ಇನ್ನೂ ಹಳೇ ಪದ್ಧತಿಯಲ್ಲೇ ಒಬ್ಬ ಯಜಮಾನನ ಜಗಲಿ ಮೇಲೆ ಬಿಟ್ಟಿವೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಾಸ್ಟೊಡಾನನ್ನು ಜರ್ಮನಿಯ ಯುಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದ್ದು. ಟ್ವಿಟರ್ ಥರ ಇದೆ, ಆದರೆ ಒಂದೇ ಕಂಪನಿಯ ಒಂದೇ ಸರ್ವರ್ ಇಲ್ಲ. ಯಾರು ಬೇಕಾದರೂ ಸರ್ವರ್ ನಡೆಸಬಹುದು, ಆ ಸರ್ವರುಗಳೆಲ್ಲ ಆಕ್ಟಿವಿಟಿಪಬ್ ಅನ್ನೋ ಒಂದೇ ಭಾಷೆಯಲ್ಲಿ ಮಾತಾಡ್ಕೊಳ್ತಾವೆ. 2018ರ ಜನವರಿಯಲ್ಲಿ ಡಬ್ಲ್ಯೂ3ಸಿ ಈ ಭಾಷೆಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಇದರ ಹೆಸರು ಜೋರಾಗಿ ಕೇಳಿದ್ದು 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ. ದಂಡಿಯಾಗಿ ಬಂದರು, ದಂಡಿಯಾಗಿ ಹೋದರು. ಮತ್ತೆ 2022ರ ಅಕ್ಟೋಬರ್ ಕೊನೆಗೆ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ತಿಂಗಳ ಸಕ್ರಿಯ ಬಳಕೆದಾರರ ಸಂಖ್ಯೆ ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಜಿಗಿಯಿತು. ಅವರಲ್ಲೂ ಬಹಳ ಜನ ಉಳೀಲಿಲ್ಲ.

ಫೆಡರೇಶನ್ ಅನ್ನೋದು ನಮಗೇನು ಹೊಸದಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಬೆಳಗ್ಗೆ ಎದ್ದು ಕ್ಯಾನ್ ಹಿಡ್ಕೊಂಡು ಹೋಗುವ ಜಾಗವೇ ಅದರ ಮೊದಲ ಮೆಟ್ಟಿಲು. ಊರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಕೆಎಂಎಫ್. ಊರಿನ ಡೈರಿಗೆ ಅದರದ್ದೇ ಸದಸ್ಯರು, ಅದರದ್ದೇ ಕಾರ್ಯದರ್ಶಿ, ಅದರದ್ದೇ ಜಗಳ. ಆದರೂ ಹಾಲು ಮಾತ್ರ ನಂದಿನಿ ಪ್ಯಾಕೆಟ್ಟಿನಲ್ಲಿ ಬೆಂಗಳೂರು ಸೇರತ್ತೆ. ಮಾಸ್ಟೊಡಾನ್ ಸರ್ವರ್ ಅಂದ್ರೆ ಹೆಚ್ಚುಕಮ್ಮಿ ಊರಿನ ಡೈರಿ. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಮೇಲಿನ ಎರಡು ಮೆಟ್ಟಿಲು ಇಲ್ಲ. ಡೈರಿ ಡೈರಿಗೇ ನೇರವಾಗಿ ಪೈಪ್ ಹಾಕ್ಕೊಂಡಿವೆ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹ್ಯಾಶ್‌ಟ್ಯಾಗ್ ವಿಚಾರ. "ಗ್ರೂಪ್ ಯಾಕೆ, ಹ್ಯಾಶ್‌ಟ್ಯಾಗ್ ಫಾಲೋ ಮಾಡಿ" ಅನ್ನೋದು ಇಂಗ್ಲಿಷಿನವರಿಗೆ ಚೆನ್ನಾಗಿ ಕೂಡತ್ತೆ. ಇಂಗ್ಲಿಷಿನಲ್ಲಿ ವಾಕ್ಯದ ನಡುವೆ ಇರೋ ಪದಕ್ಕೆ ಹಾಗೇ ಒಂದು ಹ್ಯಾಶ್ ಅಂಟಿಸಿದರೆ ಮುಗೀತು. ಕನ್ನಡದಲ್ಲಿ ಪದ ಸುಮ್ಮನೆ ಕೂರಲ್ಲ, ಬಾಲ ಬೆಳೆಸತ್ತೆ. ಪುಸ್ತಕ, ಪುಸ್ತಕದ, ಪುಸ್ತಕವನ್ನು, ಪುಸ್ತಕದಲ್ಲಿ, ಪುಸ್ತಕಗಳು. ನಮಗೆ ಇದು ಒಂದೇ ಪದ, ಸಾಫ್ಟ್‌ವೇರಿಗೆ ಐದು ಬೇರೆ ಬೇರೆ ಟ್ಯಾಗ್. ನೀವು 'ಪುಸ್ತಕ' ಫಾಲೋ ಮಾಡಿದ್ದರೆ 'ಪುಸ್ತಕಗಳು' ಅಂತ ಹಾಕಿದವನ ಪೋಸ್ಟ್ ನಿಮಗೆ ಬರಲ್ಲ. ಹಾಗಾಗಿ ವಾಕ್ಯ ಮುಗಿಸಿ ಕೆಳಗೆ ಬೇರೆಯಾಗಿ ಟ್ಯಾಗುಗಳ ಸಾಲು ಪೋಣಿಸಬೇಕು, ಎಲ್ಲರೂ ಒಂದೇ ರೂಪ ಬಳಸಬೇಕು ಅಂತ ಮೊದಲೇ ಮಾತಾಡ್ಕೊಂಡಿರಬೇಕು. ಮಾತಾಡ್ಕೊಳ್ಳೋದಕ್ಕೆ ಜಾಗ ಬೇಕು ಅಂತಲೇ ಅಲ್ವಾ ನಾವು ಗ್ರೂಪ್ ಹುಡುಕ್ತಿದ್ದಿದ್ದು?

ಅದೂ ಅಲ್ಲದೆ ಟ್ಯಾಗ್ ಒತ್ತಿದಾಗ ಕಾಣೋದು ಇಡೀ ಜಾಲದ ಪೋಸ್ಟುಗಳಲ್ಲ. ನಿಮ್ಮ ಸರ್ವರಿಗೆ ಇದುವರೆಗೆ ತಲುಪಿದವು ಮಾತ್ರ. ಸಾವಿರಾರು ಜನ ಇರುವ ಸರ್ವರಿನಲ್ಲಿ ಇದು ಗೊತ್ತಾಗಲ್ಲ. ಹನ್ನೆರಡು ಜನ ಇರುವ ಸಣ್ಣ ಸರ್ವರಿನಲ್ಲಿ ಕೂತು ಕನ್ನಡದ ಟ್ಯಾಗ್ ಒತ್ತಿದರೆ ಖಾಲಿ ಹೊಲ ಕಾಣತ್ತೆ. ಹೊಸಬರು ಅದನ್ನ ನೋಡಿ ಇಲ್ಲಿ ಕನ್ನಡದವರೇ ಇಲ್ಲ ಅಂದ್ಕೊಂಡು ಎದ್ದು ಹೋಗ್ತಾರೆ.

ಹಾಗಾದ್ರೆ ಗ್ರೂಪಿಗೆ ನಿಜವಾದ ವ್ಯವಸ್ಥೆ ಇಲ್ವಾ? ಇದೆ, ಆದರೆ ಅರ್ಧಂಬರ್ಧ. ಆಕ್ಟಿವಿಟಿಪಬ್ ಬಳಸುವ ಪದಕೋಶದಲ್ಲಿ 'ವ್ಯಕ್ತಿ' ಇರುವ ಹಾಗೆಯೇ 'ಗುಂಪು' ಅನ್ನೋ ಬಗೆಯೂ ಇದೆ. ಗುಂಪು ಹೇಗೆ ನಡೀಬೇಕು, ಸದಸ್ಯರನ್ನ ಹೇಗೆ ಸೇರಿಸಬೇಕು, ಕಿಡಿಗೇಡಿಗಳನ್ನ ಹೇಗೆ ಹೊರಗೆ ಹಾಕಬೇಕು ಅಂತ ಮಾತ್ರ ಆ ದಾಖಲೆ ವಿವರವಾಗಿ ಹೇಳಲ್ಲ. ಆದ್ದರಿಂದ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. 2010ರಿಂದಲೇ ಇರುವ ಫ್ರೆಂಡಿಕಾ ಖಾತೆಯನ್ನೇ ವೇದಿಕೆಯಾಗಿ ಬದಲಿಸುವ ಸೌಲಭ್ಯ ಕೊಟ್ಟಿತು. ಮಾಸ್ಟೊಡಾನ್‌ನವರ ಯೋಜನೆಪಟ್ಟಿಯಲ್ಲಿ ಗ್ರೂಪ್ ವರ್ಷಗಟ್ಟಲೆ ಸುಮ್ಮನೆ ಕೂತಿತ್ತು. ಆ ಖಾಲಿ ಜಾಗದಲ್ಲಿ 2022ರ ವಲಸಿಗರಿಗೆ ಒದಗಿದ್ದು ಗಪ್ಪೆ. ಒಂದು ಹೆಸರನ್ನ ಗಪ್ಪೆಯ ವಿಳಾಸದ ಜೊತೆ ಬರೆದರೆ ಸಾಕು, ಆ ಹೆಸರಿನ ಗುಂಪು ಹುಟ್ಟತ್ತೆ. ಅದನ್ನ ಉಲ್ಲೇಖಿಸಿದ ಪೋಸ್ಟುಗಳನ್ನ ಅದು ಫಾಲೋ ಮಾಡುವವರಿಗೆಲ್ಲ ಬೂಸ್ಟ್ ಮಾಡತ್ತೆ. ಬಳಸೋದಕ್ಕೆ ಸಲೀಸು. ಆದರೆ ಗುಂಪಿಗೆ ಅಡ್ಮಿನ್ನೇ ಇಲ್ಲ. ಯಾವನೋ ಬಂದು ಕಸ ಸುರಿದರೆ ಅದನ್ನೂ ನಿಷ್ಠೆಯಿಂದ ಎಲ್ಲರ ಮನೆಗೆ ಹಂಚಿ ಬರತ್ತೆ.

ಲೆಮ್ಮಿ ಇವುಗಳಲ್ಲಿ ಹೆಚ್ಚು ಗಟ್ಟಿ. ಅದು ರೆಡಿಟ್ ಮಾದರಿಯದು, ಗುಂಪೇ ಅದರ ಜೀವಾಳ, ಮಾಡರೇಟರುಗಳಿದ್ದಾರೆ. 2023ರ ಜೂನಿನಲ್ಲಿ ರೆಡಿಟ್ ತನ್ನ ಎಪಿಐಗೆ ದುಡ್ಡು ಕೇಳಿ ಗಲಾಟೆಯಾದಾಗ ಬಹಳ ಜನ ಇಲ್ಲಿಗೆ ಬಂದರು. ಮಾಸ್ಟೊಡಾನ್ ಖಾತೆಯಿಂದಲೇ ಲೆಮ್ಮಿಯ ಗುಂಪನ್ನ ಫಾಲೋ ಮಾಡಬಹುದು ಅನ್ನೋದು ಕೇಳೋದಕ್ಕೆ ಭರ್ಜರಿ ಸುದ್ದಿ. ಮಾಡಿ ನೋಡಿ. ಗುಂಪಿನ ಪ್ರತೀ ಪೋಸ್ಟು, ಪ್ರತೀ ಪ್ರತಿಕ್ರಿಯೆ ಬಿಡಿಬಿಡಿಯಾಗಿ ನಿಮ್ಮ ಟೈಮ್‌ಲೈನಿಗೆ ಬಂದು ಬೀಳ್ತಾವೆ. ಯಾರು ಯಾರಿಗೆ ಏನು ಹೇಳಿದರು ಅಂತ ತಿಳಿಯೋ ಹೊತ್ತಿಗೆ ತಲೆ ಚಿಟ್ಟು ಹಿಡಿದಿರತ್ತೆ. ಎರಡು ಸಾಫ್ಟ್‌ವೇರ್ ಒಂದೇ ಭಾಷೆ ಮಾತಾಡ್ತಾವೆ ಅನ್ನೋದು ನಿಜ. ಧಾರವಾಡದವರೂ ಮಂಗಳೂರಿನವರೂ ಕನ್ನಡವನ್ನೇ ಮಾತಾಡ್ತಾರೆ ಅನ್ನುವಷ್ಟೇ ನಿಜ.

ಇಷ್ಟೆಲ್ಲ ಸಹಿಸ್ಕೋಬಹುದು, ಇವತ್ತಲ್ಲ ನಾಳೆ ಸರಿಹೋಗುವಂಥವು. ನನ್ನ ನಿಜವಾದ ತಕರಾರು ಬೇರೆ. ಮಾಸ್ಟೊಡಾನ್‌ನಲ್ಲಿ ನಿಮ್ಮ ಸರ್ವರ್ ಹಿಡಿಸದಿದ್ದರೆ ಬೇರೆ ಸರ್ವರಿಗೆ ಹೋಗಬಹುದು. ಫಾಲೋವರ್ಸ್ ಹಿಂದೆಯೇ ಬರ್ತಾರೆ. ಹಳೇ ಪೋಸ್ಟುಗಳು ಬರಲ್ಲ, ಇರಲಿ. ಲೆಮ್ಮಿಯ ಗುಂಪಿಗೆ ಆ ಭಾಗ್ಯ ಇಲ್ಲ. ಅದು ಹುಟ್ಟಿದ ಸರ್ವರಿನ ವಿಳಾಸ ಅದರ ಹೆಸರಿಗೇ ಅಂಟಿರತ್ತೆ. ಸದಸ್ಯರು ನೂರು ಬೇರೆ ಸರ್ವರುಗಳಲ್ಲಿ ಇದ್ದರೂ ಪ್ರತೀ ಮಾತು ಆ ಒಂದು ಸರ್ವರಿಗೆ ಹೋಗಿ ಅಲ್ಲಿಂದ ಹಂಚಿಕೆಯಾಗಬೇಕು. ಆ ಸರ್ವರ್ ನಿಂತರೆ ಹಳೇ ಮಾತಿನ ಪ್ರತಿಗಳು ಅಲ್ಲಿ ಇಲ್ಲಿ ಉಳೀತಾವೆ, ಹೊಸ ಮಾತು ಯಾರಿಗೂ ತಲುಪಲ್ಲ.

ಇದು ಬರೀ ಹೆದರಿಕೆಯಲ್ಲ. ಜರ್ಮನ್ ಭಾಷೆಯವರಿಗೆ ಲೆಮ್ಮಿಯಲ್ಲಿ ಫೆಡಿಟ್ ಡಾಟ್ ಡಿಇ ಅನ್ನೋ ದೊಡ್ಡ ಸರ್ವರ್ ಇತ್ತು. ಅವರ ಬಹುಪಾಲು ಗುಂಪುಗಳು ಅಲ್ಲೇ. 2024ರಲ್ಲಿ ಅದು ಕೆಟ್ಟು ನಿಂತಿತು, ನಡೆಸುತ್ತಿದ್ದವರು ಕೈಗೆ ಸಿಗಲಿಲ್ಲ. ಕಂಪನಿ ಮೋಸ ಮಾಡಲಿಲ್ಲ, ಸರ್ಕಾರ ಮುಚ್ಚಿಸಲಿಲ್ಲ. ಬೀಗದ ಕೈ ಇದ್ದವರು ಬರಲಿಲ್ಲ, ಅಷ್ಟೇ. (ಸರ್ಕಾರವೂ ಮುಚ್ಚಿಸಬಹುದು ಅನ್ನಿ. ಅದೇ ವರ್ಷ ಫೆಬ್ರವರಿಯಲ್ಲಿ ಕ್ವಿಯರ್ ಡಾಟ್ ಎಎಫ್ ಎಂಬ ಮಾಸ್ಟೊಡಾನ್ ಸರ್ವರಿನ ವಿಳಾಸವನ್ನ ತಾಲಿಬಾನ್ ಆಡಳಿತ ಕಿತ್ಕೊಂಡಿತು. ಎಎಫ್ ಅನ್ನೋದು ಅಫ್ಘಾನಿಸ್ತಾನದ ಡೊಮೇನ್. ಹೆಸರು ಸ್ಟೈಲಾಗಿದೆ ಅಂತ ಡೊಮೇನ್ ಕೊಳ್ಳುವವರು ಗಮನಿಸಿ.)

ಅದೇ 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಕೂ ಕೂಡ ಮುಚ್ಚಿತು. 2020ರಲ್ಲಿ ಶುರುವಾದ ಕೂನಲ್ಲಿ ಕನ್ನಡದಲ್ಲಿ ಬರೆದವರು ಬಹಳ ಜನ ಇದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಕೇಂದ್ರೀಕರಣ ಏನು ಕೊಡತ್ತೆ, ಏನು ಕೊಡಲ್ಲ ಅಂತ ಸ್ಪಷ್ಟವಾಗತ್ತೆ. ಕೂ ಮುಚ್ಚಿದಾಗ ಅದರ ಜೊತೆ ಇಡೀ ಊರೇ ಹೋಯ್ತು; ಅಲ್ಲಿ ಪರಿಚಯವಾದವರನ್ನ ಬೇರೆ ಕಡೆ ಒಬ್ಬೊಬ್ಬರನ್ನಾಗಿ ಹುಡುಕಬೇಕು. ಜರ್ಮನ್ನರೂ ತಮ್ಮ ಖಾತೆ, ಗುಂಪು ಕಳ್ಕೊಂಡರು. ಆದರೆ ಸುತ್ತಲಿನ ಊರು ನಿಂತೇ ಇತ್ತು. ಅದೇ ಸಾಫ್ಟ್‌ವೇರ್, ಅದೇ ಆಪ್, ಬೇರೆ ಸರ್ವರುಗಳಲ್ಲಿದ್ದ ಅದೇ ಜನ. ಆಸ್ಟ್ರಿಯಾದ ಫೆಡಿವರ್ಸ್ ಫೌಂಡೇಶನ್ ಅನ್ನೋ ಸಂಸ್ಥೆ ಫೆಡಿಟ್ ಡಾಟ್ ಆರ್ಗ್ ಅಂತ ಹೊಸ ಸರ್ವರ್ ಹಾಕಿತು, ಬಹಳ ಜನ ಅಲ್ಲಿ ಬಂದು ಸೇರಿದರು. ಗುಂಪನ್ನ ಉಳಿಸೋ ಶಕ್ತಿ ಈ ವ್ಯವಸ್ಥೆಗೆ ಇಲ್ಲ, ಚದುರಿದ ಗುಂಪು ಮತ್ತೆ ಸೇರೋದಕ್ಕೆ ಬಯಲು ಕೊಡತ್ತೆ. ಕಮ್ಮಿ ಏನಲ್ಲ. ಆದರೆ ಅದರ ಪ್ರಚಾರಕರು ಹೇಳ್ಕೊಂಡು ತಿರುಗೋವಷ್ಟೂ ಇಲ್ಲ.

ಡೈರಿಗೂ ಸರ್ವರಿಗೂ ಇರುವ ಆ ಇನ್ನೊಂದು ವ್ಯತ್ಯಾಸ ಇಲ್ಲಿಗೆ ಬಂತು ನೋಡಿ. ಡೈರಿಗೆ ಆಡಳಿತ ಮಂಡಳಿ ಇದೆ, ಲೆಕ್ಕ ಪರಿಶೋಧನೆ ಇದೆ, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯತ್ತೆ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವನೂ ಎದ್ದು "ಬೋನಸ್ ಎಲ್ಲಿ ಸ್ವಾಮಿ" ಅಂತ ಕೇಳಬಹುದು. ಕಾರ್ಯದರ್ಶಿ ಬಿಟ್ಟು ಹೋದರೂ ಸಂಘ ಇರತ್ತೆ. ಬಹುಪಾಲು ಸರ್ವರುಗಳು ಹಾಗಲ್ಲ. ಒಬ್ಬ ಉತ್ಸಾಹಿ, ಅವನ ಕ್ರೆಡಿಟ್ ಕಾರ್ಡು, ಅವನ ಶನಿವಾರ ಭಾನುವಾರ. ಅವನಿಗೆ ಮಗು ಹುಟ್ಟಿದರೆ, ಕೆಲಸ ಹೋದರೆ, ಬೇಜಾರಾದರೆ ಕತೆ ಮುಗೀತು. ಇದಕ್ಕೆ ಅಪವಾದಗಳಿವೆ. ಸೋಷಿಯಲ್ ಡಾಟ್ ಕೋಪ್ ಅನ್ನೋ ಮಾಸ್ಟೊಡಾನ್ ಸರ್ವರ್ 2017ರಿಂದ ಸಹಕಾರ ಸಂಘದ ಮಾದರಿಯಲ್ಲೇ ನಡೀತಿದೆ. ಸದಸ್ಯರು ವಂತಿಗೆ ಕೊಡ್ತಾರೆ, ನಿಯಮಗಳನ್ನ ಚರ್ಚಿಸಿ ಮತ ಹಾಕ್ತಾರೆ. ಸಹಕಾರ ಸಂಘದ ಮೀಟಿಂಗ್ ನೋಡಿ ಬೆಳೆದ ನಮ್ಮಂಥವರಿಗೆ ಹೊಳೀಬೇಕಿದ್ದ ಐಡಿಯಾ ಇದು. ನಾವು ಸ್ಟಾರ್ಟಪ್ ಮಾಡಿದ್ವಿ.

ಕನ್ನಡದ ಗುಂಪುಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಆರ್ಕುಟ್ ಕಮ್ಯುನಿಟಿಗಳಲ್ಲಿ ನಮ್ಮವರು ವರ್ಷಗಟ್ಟಲೆ ಪದಗಳ ಬಗ್ಗೆ, ಸಿನಿಮಾ ಬಗ್ಗೆ, ಊಟದ ಬಗ್ಗೆ ಬರೆದರು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಹೋಯ್ತು. ಈಗ ಆ ಮಾತೆಲ್ಲ ವಾಟ್ಸಾಪಿನಲ್ಲಿ ನಡೀತಿದೆ, ಅಲ್ಲಿ ಫೋನ್ ಕಳೆದರೆ, ಬ್ಯಾಕಪ್ ಇಲ್ಲದಿದ್ದರೆ, ನಿಮ್ಮ ಪಾಲಿಗೆ ಎಲ್ಲ ಹೋದ ಹಾಗೆ. ಹೊರಗಿನವರು ಹುಡುಕಿದರೆ ಸಿಗೋದಂತೂ ಇಲ್ಲ.

ಅದಕ್ಕೇ ನಾನು ಗೆಳೆಯರಿಗೆ ಮಾಸ್ಟೊಡಾನ್, ಲೆಮ್ಮಿ ಬೇಡ ಅಂತ ಹೇಳಲ್ಲ. ಬನ್ನಿ ಅಂತೀನಿ. ಬರೆಯುವಾಗ ಪೋಸ್ಟಿನ ಭಾಷೆ ಕನ್ನಡ ಅಂತ ಗುರುತು ಹಾಕಿ, ಇಲ್ಲದಿದ್ದರೆ ಭಾಷೆ ಆರಿಸಿಕೊಂಡವರಿಗೆ ನೀವು ಕಾಣದೇ ಹೋಗಬಹುದು. ಗುಂಪು ಸೇರೋ ಮೊದಲು ಅದರ ವಿಷಯ, ಸದಸ್ಯರ ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಸರ್ವರಿನ ಪರಿಚಯದ ಪುಟ ತೆಗೆದು ಓದಿ. ಬಿಲ್ ಯಾರು ಕಟ್ತಾರೆ ಅಂತ ಬರೆದಿದ್ದಾರಾ? ಯಾವ ಯಾವ ಸರ್ವರುಗಳ ಜೊತೆ ಮಾತು ಬಿಟ್ಟಿದ್ದಾರೆ? 2023ರ ಜೂನಿನಲ್ಲಿ ಬೀಹಾ ಅನ್ನೋ ಸರ್ವರಿನವರು ಹೊಸಬರ ನೂಕುನುಗ್ಗಲು ನಿಭಾಯಿಸಲಾಗದೆ ಲೆಮ್ಮಿ ಡಾಟ್ ವರ್ಲ್ಡ್ ಜೊತೆಗಿನ ಸಂಪರ್ಕವನ್ನೇ ಕಡಿದುಕೊಂಡಾಗ, ಎರಡೂ ಕಡೆ ಇದ್ದ ಸ್ನೇಹಿತರಿಗೆ ಅದು ಬೆಳಗ್ಗೆ ಎದ್ದ ಮೇಲೆ ಗೊತ್ತಾಗುವಂಥ ಸುದ್ದಿ.

ಕೊನೆಗೆ, ನಡೆಸುವವರಿಗೆ ಸಂಕೋಚ ಬಿಟ್ಟು ಒಂದು ಮೆಸೇಜ್ ಹಾಕಿ: "ಸರ್, ನೀವು ಒಂದು ತಿಂಗಳು ಆನ್‌ಲೈನ್ ಬರದಿದ್ದರೆ ಸರ್ವರಿನ ಪಾಸ್‌ವರ್ಡ್ ಇನ್ಯಾರ ಹತ್ರ ಇದೆ?" ಉತ್ತರದಲ್ಲಿ ಇನ್ನೊಂದು ಹೆಸರು ಬಂದರೆ ಧೈರ್ಯವಾಗಿ ಗುಂಪು ಸೇರಿ. ಬರದಿದ್ದರೆ, ಆ ಇನ್ನೊಂದು ಹೆಸರು ನಿಮ್ಮದಾಗಬಹುದಾ ಅಂತ ಕೇಳಿ ನೋಡಿ.