ಮರಳು ತುಂಬಿದ ಕಾಲುಗಳು

ಮುಕ್ಕಾಲಿಂಚಿನ ಪಿವಿಸಿ ಪೈಪು, ಒಂದಿಷ್ಟು ಎಲ್ಬೋ, ಟೀ, ತಳಕ್ಕೆ ಎಂಡ್ ಕ್ಯಾಪ್. ಎಲ್ಲವೂ ನಲ್ಲಿ ರಿಪೇರಿಗೆಂದು ಕೊಳ್ಳುವ ಸಾಮಾನೇ. ಇವನ್ನು ಜೋಡಿಸಿ ಮೇಜಿನ ಮೇಲೆ ಪುಟ್ಟ ಚಪ್ಪರದ ಹಾಗೆ ನಿಲ್ಲಿಸಿ, ನೆತ್ತಿಗೆ ತೂತು ಕೊರೆದ ಪ್ಲೈವುಡ್ ತುಂಡು ಕಟ್ಟಿ, ಆ ತೂತಿನಿಂದ ಲೆನ್ಸು ಇಣುಕುವಂತೆ ಮೊಬೈಲ್ ಮಲಗಿಸಿದರೆ, ಗೊಂಬೆಯನ್ನು ಚೂರುಚೂರೇ ಸರಿಸುತ್ತ ಒಂದೊಂದೇ ಫೋಟೋ ತೆಗೆದು ಮಾಡುವ ಸ್ಟಾಪ್ ಮೋಷನ್ ಚಿತ್ರಕ್ಕೆ ಸ್ಟ್ಯಾಂಡು ಸಿದ್ಧ. ಅಂಗಡಿಯ ಟ್ರೈಪಾಡನ್ನು ನೇರ ಕೆಳಕ್ಕೆ ಬಗ್ಗಿಸಿದರೆ ಸಾಮಾನ್ಯವಾಗಿ ಅದು ತನ್ನದೇ ಕಾಲನ್ನು ಚಿತ್ರದೊಳಗೆ ಚಾಚುತ್ತದೆ. ಬೆಲೆಯ ಮಾತು ಬೇರೆ.

ನನಗೆ ಇದರಲ್ಲಿ ತೀರ ಇಷ್ಟವಾದದ್ದು ಕಾಲೊಳಗಿನ ಮರಳು. ಖಾಲಿ ಪೈಪಿಗೆ ಬೆರಳು ತಾಗಿದರೂ ಸಾಕು, ಟೊಂಯ್ ಎಂದು ಕೆಲ ಹೊತ್ತು ನಡುಗುತ್ತದೆ. ಜರಡಿ ಹಿಡಿದ ಒಣಮರಳನ್ನು, ಪೈಪು ನೆಲಕ್ಕೆ ಕುಟ್ಟುತ್ತ ಕುಟ್ಟುತ್ತ ಒತ್ತಾಗಿ ತುಂಬಿ, ಮತ್ತೆ ತಟ್ಟಿ ನೋಡಿ: ದಬ್! ಅಷ್ಟೇ, ಮಾತು ಮುಗಿಯಿತು. ಕಣಕ್ಕೆ ಕಣ ಉಜ್ಜಿ ನಡುಕವೆಲ್ಲ ಅಲ್ಲೇ ಇಂಗಿಹೋಗುತ್ತದೆ. ಪೈಪು ಅಂಟಿಸುವ ಸಾಲ್ವೆಂಟನ್ನು ಮಾತ್ರ ಕೈ ಬಿಗಿಹಿಡಿದು ಬಳಸಬೇಕು. ಎತ್ತರ ಬದಲಿಸುವ ಕೀಲುಗಳಿಗೆ ಅದು ತಾಗಲೇಕೂಡದು.

ಸ್ಟ್ಯಾಂಡು ನೆಲದ ಮೇಲಿದ್ದರೆ ಭದ್ರ ಎನ್ನುವವರಿದ್ದಾರೆ. ಮೇಜಿನ ಮೇಲೇ ಇರಲಿ ಎಂಬ ಪಕ್ಷ ನನ್ನದು. ಮೊಣಕೈ ತಗುಲಿ ಮೇಜು ಕೂದಲೆಳೆಯಷ್ಟು ಸರಿದರೆ ಗೊಂಬೆ, ಕ್ಯಾಮೆರಾ ಎರಡೂ ಜೊತೆಗೇ ಸರಿಯುತ್ತವೆ; ಚಿತ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಫ್ಯಾನು ಆರಿಸಿ, ಕಿಟಕಿಯ ಪರದೆ ಎಳೆದು, ಬಲ್ಬಿನ ಬೆಳಕಲ್ಲಿ ಕೂತು ಇಯರ್‌ಫೋನ್ ವೈರಿನ ವಾಲ್ಯೂಮ್ ಗುಂಡಿ ಒತ್ತಿದರೆ, ಎಷ್ಟೋ ಫೋನುಗಳಲ್ಲಿ, ಮೊಬೈಲ್ ಮುಟ್ಟದೆಯೇ ಫೋಟೋ ಬೀಳುತ್ತದೆ. ಸೆಕೆಂಡಿಗೆ 12ರ ಲೆಕ್ಕದಲ್ಲಿ ಹತ್ತು ಸೆಕೆಂಡಿಗೆ 120 ಫೋಟೋ. ಓಡಿಸಿ ನೋಡುವಾಗ ಮಕ್ಕಳ ಕಣ್ಣು ಸೊಂಡಿಲೆತ್ತಿ ನಡೆಯುವ ಕಾಗದದ ಆನೆಯ ಮೇಲೆ. ನನ್ನದು ಹಿನ್ನೆಲೆಯ ಮೂಲೆಯಲ್ಲಿ ಎಳೆದ ಪೆನ್ಸಿಲ್ ಗೆರೆಯ ಮೇಲೆ. ಆ ಗೆರೆ ಮಿಸುಕದಿದ್ದರೆ ಸ್ಟ್ಯಾಂಡು ಗೆದ್ದಂತೆ.

ದಾದಾಸಾಹೇಬ್ ಫಾಲ್ಕೆಯವರಿಗೂ ಈ ಮಿಸುಕದ ಕ್ಯಾಮೆರಾವೇ ಕೈಹಿಡಿದದ್ದು. 'ರಾಜಾ ಹರಿಶ್ಚಂದ್ರ' ಚಿತ್ರ ತೆಗೆಯುವ ಮೊದಲು, 1912ರಲ್ಲಿ, ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನೆಟ್ಟು, ದಿನಗಟ್ಟಲೆ ಬಿಡಿ ಬಿಡಿ ಚೌಕಟ್ಟು ಹಿಡಿದರು. ಪರದೆಯ ಮೇಲೆ ಕ್ಷಣಗಳಲ್ಲಿ ಮೊಳಕೆ ಗಿಡವಾಯಿತು. ಅದನ್ನು ನೋಡಿ ಹಣ ಹೂಡುವವರು ಮನಸ್ಸು ಮಾಡಿದರು.

ಬೆಳಕನ್ನು ಕೆಳಗಿನಿಂದ ಕೊಟ್ಟರೆ ಇದೇ ಚಪ್ಪರ ನೆರಳು ಗೊಂಬೆಗಳ ರಂಗವಾಗುತ್ತದೆ. ಅದರಲ್ಲಿ ಪಳಗಿದವರು ಜರ್ಮನಿಯ ಲೊಟ್ಟೆ ರೈನಿಗರ್. 1926ರ 'ಪ್ರಿನ್ಸ್ ಅಹ್ಮದ್‌ನ ಸಾಹಸಗಳು' ಚಿತ್ರವನ್ನು ಅವರು ಪಾಟ್ಸ್‌ಡ್ಯಾಮ್‌ನ ಒಂದು ಗ್ಯಾರೇಜಿನ ಅಟ್ಟದಲ್ಲಿ ತೆಗೆದರು. ಗಾಜಿನ ಹಲಗೆ, ಅಡಿಯಲ್ಲಿ ದೀಪ, ನೆತ್ತಿಯಲ್ಲಿ ಕ್ಯಾಮೆರಾ. ಕಪ್ಪು ರಟ್ಟನ್ನೂ ತೆಳು ಸೀಸದ ತಗಡನ್ನೂ ಕತ್ತರಿಸಿ ಮಾಡಿದ ಗೊಂಬೆಗಳು. ಸೂರು ತೀರ ತಗ್ಗು. ಕ್ಯಾಮೆರಾಗೆ ಬೇಕಾದ ಎತ್ತರ ಸಿಗಲೆಂದು ಗಾಜನ್ನು ನೆಲದ ಹತ್ತಿರಕ್ಕೆ ಇಳಿಸಬೇಕಾಯಿತು. ಗೊಂಬೆ ಸರಿಸುವವರು ಬಿಚ್ಚಿಹಾಕಿದ ಹಳೇ ಕಾರೊಂದರ ಸೀಟಿನ ಮೇಲೆ ಮಂಡಿಯೂರಿ ಕೆಲಸ ಮಾಡಿದರು, ಸುಮಾರು ಮೂರು ವರ್ಷ.